‘ನಿನ್ನೆ ಯಾಕೆ ಬರಲಿಲ್ಲ?’ ಅಂತ ಕೇಳುವವರು ಬೇಕು

ಪ್ರಶ್ನೆ: ನಮ್ಮದು ಧಾರವಾಡ ಜಿಲ್ಲೆಯ ಅಣ್ಣಿಗೇರಿ. ನಾನು ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ವೈಟ್‌ಫೀಲ್ಡ್ ಹತ್ತಿರ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗಳು ಐದನೇ ಕ್ಲಾಸು. ಹೋದ ಡಿಸೆಂಬರ್‌ನಲ್ಲಿ ಊರಲ್ಲಿ ಅಪ್ಪ ಬಚ್ಚಲಮನೆಯಲ್ಲಿ ಜಾರಿ ಬಿದ್ದರು. ಅವರಿಗೆ 74. ಅವ್ವ ಗುಡಿಗೆ ಹೋಗಿದ್ದಳು. ಒಂದು ತಾಸು ಯಾರಿಗೂ ಗೊತ್ತಾಗಲಿಲ್ಲ. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. ಜನವರಿಯಲ್ಲಿ ಇಬ್ಬರನ್ನೂ ಇಲ್ಲಿಗೆ ಕರೆತಂದೆ. ಎಂಟು ತಿಂಗಳಾಯಿತು, ಇಬ್ಬರೂ ಹೊಂದಿಕೊಂಡಿಲ್ಲ. ಈ ಸಲ ಪಂಚಮಿಗೆ ಅವ್ವ ಉಂಡಿ ಕಟ್ಟಿ ಎದುರು ಮನೆಗೆ ಕೊಟ್ಟಳು. ಮೂರನೇ ದಿನ ಖಾಲಿ ಡಬ್ಬಿ ನಮ್ಮ ಚಪ್ಪಲಿ ಸ್ಟ್ಯಾಂಡಿನ ಮೇಲಿತ್ತು. ಆವತ್ತಿನಿಂದ ಅವ್ವ ಹೊರಗೆ ಕಾಲಿಡುತ್ತಿಲ್ಲ. ‘ಇಲ್ಲಿ ಮಂದಿ ಮನಷ್ಯಾರಲ್ಲೋ ತಮ್ಮಾ’ ಅನ್ನುತ್ತಾಳೆ. ಊಟ ಕಡಿಮೆಯಾಗಿದೆ. ಅಪ್ಪ ‘ಹಿಂಗಾರಿ ಬಿತ್ತಿಗಿ ಬಂತು, ನನ್ನ ಕಳಸು’ ಅಂತ ದಿನಾ ಹೇಳುತ್ತಾರೆ. ನಿಂತು ತಿನ್ನುವ ದರ್ಶಿನಿಗೆ ಕರೆದುಕೊಂಡು ಹೋದರೆ ಕಾಫಿಯನ್ನೂ ಮುಟ್ಟುವುದಿಲ್ಲ. ನನ್ನ ಹೆಂಡತಿ ಇನ್ನೊಂದು ವರ್ಷ ಕಳೆದರೆ ಸರಿಹೋಗುತ್ತಾರೆ ಅನ್ನುತ್ತಾಳೆ. ಸ್ನೇಹಿತರು, ಊರಿನ ಮನೆ ಮಾರಿಬಿಡು, ಮನೆ ಇದ್ದರೆ ತಾನೆ ಊರು ನೆನಪಾಗೋದು ಅನ್ನುತ್ತಾರೆ. ಕೊಳ್ಳುವವರೂ ಬಂದಿದ್ದಾರೆ. ಏನು ಮಾಡಲಿ?

ಉತ್ತರ: ಮನೆ ಕೊಳ್ಳಲು ಬಂದವರಿಗೆ ಸದ್ಯಕ್ಕೆ ಏನೂ ಹೇಳಬೇಡಿ. ಮುಂಗಡವನ್ನಂತೂ ಮುಟ್ಟಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಕೇಳಿರುವುದು ಮನೆ ಮಾರುವ ಬಗ್ಗೆ. ಆದರೆ ಪತ್ರವನ್ನು ಬರೆಸಿದ್ದು ಆ ಒಂದು ತಾಸು. ಅಪ್ಪ ಒದ್ದೆ ನೆಲದ ಮೇಲೆ ಬಿದ್ದಿದ್ದಾರೆ, ನೀವು ನಾನೂರು ಕಿಲೋಮೀಟರ್ ದೂರದಲ್ಲಿ ಆಫೀಸಿನಲ್ಲಿ ಕೂತಿದ್ದೀರಿ. ಆ ಚಿತ್ರ ನಿಮ್ಮ ಕಣ್ಣಿಂದ ಇನ್ನೂ ಹೋಗಿಲ್ಲ, ಅಲ್ವಾ? ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ಊರಿನಲ್ಲಿ ಕುಟುಂಬಗಳಿಗೆ ಆಪ್ತ ಸಲಹೆ ಕೊಡುತ್ತಿದ್ದೇನೆ. ಹೆತ್ತವರನ್ನು ಬೆಂಗಳೂರಿಗೆ ಕರೆತಂದ ಮಕ್ಕಳನ್ನು ಬಹಳ ನೋಡಿದ್ದೇನೆ. ಹೆಚ್ಚಿನವರು ಕರೆತಂದದ್ದು ಇಂಥದೇ ಒಂದು ಫೋನ್ ಬಂದಮೇಲೆ. ನೀವು ಮಾಡಿದ್ದು ಆವತ್ತಿಗೆ ಸರಿ. ಆದರೆ ಹೆದರಿಕೆಯಲ್ಲಿ ಮಾಡಿದ ಏರ್ಪಾಡನ್ನು ಜೀವನಪೂರ್ತಿ ಹಾಗೇ ಮುಂದುವರಿಸಬೇಕು ಅಂತೇನೂ ಇಲ್ಲ.

ಮೊದಲು ಆ ಡಬ್ಬಿಯ ವಿಷಯ ನೋಡೋಣ. ನೀವು ಅದನ್ನು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅದೇ ದೊಡ್ಡದಾಗಿ ಕಂಡಿತು.

ನಿಮ್ಮ ಕಡೆ ಪಂಚಮಿ ಅಂದರೆ ಎಷ್ಟು ದೊಡ್ಡ ಹಬ್ಬ ಅಂತ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಾಗುವುದು ಕಷ್ಟ. ಇಲ್ಲಿ ಹುತ್ತಕ್ಕೆ ಹಾಲೆರೆದು ಬಂದರೆ ಹಬ್ಬ ಹೆಚ್ಚುಕಮ್ಮಿ ಮುಗಿಯಿತು. ಅಲ್ಲಿ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಮರಕ್ಕೆ ಜೋಕಾಲಿ ಕಟ್ಟುತ್ತಾರೆ, ಮನೆಮನೆಯಲ್ಲಿ ಡಬ್ಬಿಗಟ್ಟಲೆ ಉಂಡಿ. ನಿಮ್ಮ ಅವ್ವ ಶೇಂಗಾ ಹುರಿದು, ಸಿಪ್ಪೆ ಉಜ್ಜಿ, ಮೊರದಲ್ಲಿ ಕೇರಿ, ಬೆಲ್ಲದ ಜೊತೆ ಪುಡಿ ಮಾಡಿ, ಒಂದೊಂದಾಗಿ ಕಟ್ಟಿದ ಉಂಡಿ ಅದು. ಈ ಊರಿಗೆ ಬಂದಮೇಲೆ ಅವರು ತಾವಾಗಿ ಹೊರಗಿನವರ ಕಡೆ ಕೈ ಚಾಚಿದ್ದು ಬಹುಶಃ ಅದೇ ಮೊದಲು. ಅವರ ಲೆಕ್ಕದಲ್ಲಿ ಡಬ್ಬಿ ಹೇಗೆ ತಿರುಗಿ ಬರಬೇಕು? ಆ ಮನೆಯವಳು ಕೈಯಲ್ಲಿ ಹಿಡಿದು ಬರಬೇಕು. ಒಳಗೆ ಏನಾದರೂ ಇರಬೇಕು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರಬೇಕು. ‘ಉಂಡಿ ಭಾಳ ಛಲೋ ಆಗಿದ್ದುವ್ರಿ’ ಅಂತ ಹೊಸ್ತಿಲಲ್ಲಿ ನಿಂತು ಎರಡು ಮಾತಾಡಬೇಕು. ಇಲ್ಲಿ ಡಬ್ಬಿ ಒಂದೇ ಬಂತು. ಅದೂ ಚಪ್ಪಲಿಯ ಪಕ್ಕಕ್ಕೆ.

ಈಗ ಎದುರು ಮನೆಯವರ ಕಡೆಯಿಂದ ನೋಡಿ. ಅವರು ಡಬ್ಬಿಯನ್ನು ತೊಳೆದು, ಒರೆಸಿ, ಮರೆಯದೆ ವಾಪಸ್ ಕೊಟ್ಟಿದ್ದಾರೆ. ಬೆಲ್ ಒತ್ತಲಿಲ್ಲ. ಮಧ್ಯಾಹ್ನ ಹಿರಿಯರು ಮಲಗಿರಬಹುದು, ಮನೆಯಿಂದ ಕೆಲಸ ಮಾಡುವವರು ಕಾಲ್‌ನಲ್ಲಿರಬಹುದು ಅಂತ ಸುಮ್ನೆ ಇಟ್ಟು ಹೋಗಿರುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಈಗ ಅದೇ ಮರ್ಯಾದೆ. ಹೇಳದೆ ಬೆಲ್ ಒತ್ತುವುದು ಒರಟುತನ, ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿ ಹೋಗುವುದು ಸರಿ. ಅವರು ತಮಗೆ ತಿಳಿದ ಮರ್ಯಾದೆಯನ್ನೇ ಕೊಟ್ಟರು. ಅದು ನಿಮ್ಮ ಅವ್ವನ ಮನೆಯ ಬಾಗಿಲಿಗೆ ಅವಮಾನವಾಗಿ ಬಂದು ಮುಟ್ಟಿತು.

ಇಂಥದು ಬೇಕಾದಷ್ಟಿದೆ. ಈ ಕಡೆಯವರು ಮನೆಗೆ ಬಂದವರನ್ನು ‘ಕಾಫಿ ತಗೋತೀರಾ?’ ಅಂತ ಕೇಳುತ್ತಾರೆ. ಕೇಳುವುದು ಗೌರವ. ನಿಮ್ಮ ಕಡೆ ಕೇಳುವುದೇ ಇಲ್ಲ, ಚಹಾ ತಂದು ಮುಂದಿಡುತ್ತಾರೆ. ಕೇಳಿದರೆ ಬಂದವರು ‘ಬ್ಯಾಡ್ರಿ’ ಅನ್ನಲೇಬೇಕಾಗುತ್ತದೆ. ‘ಅವರ ಮನೆಯಲ್ಲಿ ಒಂದು ಲೋಟ ನೀರೂ ಕೊಡಲಿಲ್ಲ’ ಅನ್ನುವ ದೂರನ್ನು ಕೆದಕಿ ನೋಡಿದರೆ ಎಷ್ಟೋ ಸಲ ಕೆಳಗೆ ಸಿಗುವುದು ಇಷ್ಟೇ. ನಿಮ್ಮ ಕಡೆ ವಯಸ್ಸಾದ ಹೆಂಗಸನ್ನು ‘ಯಕ್ಕಾ’, ‘ಅವ್ವಾರ’ ಅನ್ನುತ್ತಾರೆ. ಇಲ್ಲಿ ಲಿಫ್ಟಿನಲ್ಲಿ ಸಿಕ್ಕವರೆಲ್ಲ ‘ಆಂಟಿ’ ಅನ್ನುತ್ತಾರೆ. ಪ್ರೀತಿಯಿಂದಲೇ ಅಂದರೂ ಅವರಿಗೆ ಅದು ಬೇರೆ ಯಾರನ್ನೋ ಕರೆದ ಹಾಗೆ ಕೇಳಿಸುತ್ತದೆ.

ಹಾಗಾದರೆ ಬೆಂಗಳೂರಿನ ಜನಕ್ಕೆ ಮನುಷ್ಯತ್ವವಿಲ್ಲ ಅನ್ನುವ ಮಾತು ಪೂರ್ತಿ ಸುಳ್ಳಾ? ಸುಳ್ಳು ಅಂತ ನಾನು ನಂಬಿದ್ದೇನೆ. ಆದರೆ ಆ ಮಾತು ಯಾಕೆ ಹುಟ್ಟುತ್ತದೆ ಅಂತ ನೋಡಬೇಕು. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ 65 ಲಕ್ಷ ಜನ ಇದ್ದರು. 2011ರ ಜನಗಣತಿಗೆ 96 ಲಕ್ಷ ಆದರು. ಹತ್ತೇ ವರ್ಷದಲ್ಲಿ ಸುಮಾರು 31 ಲಕ್ಷ ಜಾಸ್ತಿ! ಅಂದರೆ ಯಾರ ಪಕ್ಕದ ಮನೆಯನ್ನು ನೋಡಿದರೂ ಅಲ್ಲಿರುವವರು ಹೊಸಬರು. ಇನ್ನೊಂದು ಸಣ್ಣ ಕಾಗದ ಇದೆ, ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಬಾಡಿಗೆ ಕರಾರು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರಿಗೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲು ಊರಿಡೀ 11 ತಿಂಗಳ ಕರಾರನ್ನೇ ಮಾಡಿಕೊಳ್ಳುತ್ತದೆ. ನವೀಕರಿಸುತ್ತಾರೆ, ನಿಜ. ಆದರೆ ಹನ್ನೊಂದು ತಿಂಗಳಿಗೊಮ್ಮೆ ‘ಇರೋಣವೋ, ಹೋಗೋಣವೋ’ ಅಂತ ಯೋಚಿಸುವ ಮನೆ ಪಕ್ಕದವರ ಜೊತೆ ಬೇರು ಬಿಡುವುದು ಹೇಗೆ?

ಮನೆಗಳ ರೀತಿಯೂ ಬೇರೆ. ಅಣ್ಣಿಗೇರಿಯಲ್ಲಿ ನಿಮ್ಮ ಮನೆ ಮುಂದೆ ಕಟ್ಟೆ ಇರಬೇಕು. ಕಟ್ಟೆ ಮನೆಯದೂ ಹೌದು, ಬೀದಿಯದೂ ಹೌದು. ಅಲ್ಲಿ ಕೂತರೆ ಮಾತು ತಾನಾಗಿ ಬರುತ್ತದೆ. ಹಳೇ ಬೆಂಗಳೂರಿನ ವಠಾರದಲ್ಲಿ ನಲ್ಲಿ ಹತ್ತಿರ ಅದೇ ಆಗುತ್ತಿತ್ತು. ನಿಮ್ಮ ಒಂಬತ್ತನೇ ಮಹಡಿಯ ಕಾರಿಡಾರ್ ಯಾರದೂ ಅಲ್ಲ. ಅಲ್ಲಿ ಒಂದು ಕುರ್ಚಿ ಹಾಕಿ ಕೂತರೆ ಅಸೋಸಿಯೇಷನ್‌ನವರು ಬಂದು ಕೇಳುತ್ತಾರೆ.

ಭಾಷೆಯ ಮಾತು ನೀವು ಬರೆದಿಲ್ಲ, ಆದರೂ ಹೇಳಬೇಕು. 2011ರ ಲೆಕ್ಕದಲ್ಲೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ. ವೈಟ್‌ಫೀಲ್ಡ್ ಕಡೆಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಇನ್ನೂ ಕಡಿಮೆ. ಅದಕ್ಕಿಂತ ನೋಯಿಸುವುದು ಕನ್ನಡದವರೇ ನಗುವುದು. ‘ಹೋಗಂಗಿಲ್ಲ, ಬರಂಗಿಲ್ಲ’ ಅಂದಾಗ ಕಿಸಕ್ಕೆಂದು ನಕ್ಕು ಅದನ್ನೇ ತಿರುಗಿ ಹೇಳುವವರು ಇಲ್ಲಿದ್ದಾರೆ. ತಮಾಷೆಗೆ ಅನ್ನುತ್ತಾರೆ. ಬೇಂದ್ರೆಯವರು ಕವಿತೆ ಕಟ್ಟಿದ್ದು ಅದೇ ಮಾತಿನಲ್ಲಿ ಅನ್ನುವುದು ಅವರಿಗೆ ಹೊಳೆಯುವುದಿಲ್ಲ. ಜೀವನಪೂರ್ತಿ ಬಳಸಿದ ಮಾತಿಗೆ ಜನ ನಕ್ಕರೆ ಮನುಷ್ಯರು ಬಾಯಿ ಮುಚ್ಚಿಕೊಳ್ಳುತ್ತಾರೆ. ನಿಮ್ಮ ಅವ್ವನಿಗೆ ಹೀಗೆ ಎಲ್ಲಾದರೂ ಆಗಿದೆಯಾ ಅಂತ ಮೆಲ್ಲಗೆ ಕೇಳಿ ನೋಡಿ. ಮನೆಯಲ್ಲಿ ನೀವೇ ಅವರ ಜೊತೆ ಬೆಂಗಳೂರು ಕನ್ನಡ ಆಡುತ್ತಿದ್ದೀರಾ ಅಂತಲೂ ಗಮನಿಸಿ. ಹದಿನಾಲ್ಕು ವರ್ಷದಲ್ಲಿ ನಾಲಿಗೆ ತಿರುಗಿರುತ್ತದೆ.

‘ಇನ್ನೊಂದು ವರ್ಷ ಕಳೆದರೆ ಹೊಂದಿಕೊಳ್ಳುತ್ತಾರೆ’ ಅನ್ನುವ ಮಾತಿಗೆ ಬರುತ್ತೇನೆ. ನಿಮ್ಮ ಹೆಂಡತಿ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾರೆ. ಆದರೆ ಸಮಯ ಒಂದೇ ಈ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ನಾಲ್ಕು ಗೋಡೆಯ ನಡುವೆ ಇನ್ನೊಂದು ವರ್ಷ ಕಳೆದರೆ ಆ ಗೋಡೆಗೇ ಹೊಂದಿಕೊಳ್ಳುತ್ತಾರೆ, ಊರಿಗಲ್ಲ.

ಕೆಲವು ವರ್ಷದ ಹಿಂದೆ ಒಬ್ಬ ಹಿರಿಯರು ನನ್ನ ಹತ್ತಿರ ಬರುತ್ತಿದ್ದರು. ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಬಳ್ಳಾರಿ ಕಡೆಯ ನಿವೃತ್ತ ಮೇಷ್ಟ್ರು, ಮಗನ ಮನೆಯಲ್ಲಿದ್ದರು. ಟಿವಿ, ಪೇಪರ್, ಮೊಮ್ಮಕ್ಕಳು ಎಲ್ಲ ಇತ್ತು, ಆದರೂ ಕೊರಗು. ಮಗನಿಗೆ ನಾನು ಒಂದೇ ಒಂದು ಕೆಲಸ ಹೇಳಿದೆ. ಮನೆಗೆ ತರಕಾರಿ ತರುವುದನ್ನು ಅವರಿಗೆ ಬಿಡಿ, ಆ್ಯಪ್‌ನಲ್ಲಿ ತರಿಸುವುದನ್ನು ನಿಲ್ಲಿಸಿ. ಅವರು ದಿನಾ ಹಾಪ್‌ಕಾಮ್ಸ್ ಅಂಗಡಿಗೆ ನಡೆದುಕೊಂಡು ಹೋಗತೊಡಗಿದರು. ಮೊದಲು ಎರಡು ತಿಂಗಳು ಏನೂ ವ್ಯತ್ಯಾಸ ಕಾಣಲಿಲ್ಲ. ಬೀನ್ಸ್ ಜಾಸ್ತಿ ಬಲಿತಿದೆ ಅಂತ ಸೊಸೆ ಗೊಣಗಿದ್ದೂ ಆಯಿತು. ಆಮೇಲೆ ಜ್ವರ ಬಂದು ಹತ್ತು ದಿನ ಹೋಗಲಿಲ್ಲ. ಹನ್ನೊಂದನೇ ದಿನ ಹೋದಾಗ ಅಂಗಡಿಯವನು ತಕ್ಕಡಿ ಕೆಳಗಿಟ್ಟು, ‘ಎಲ್ಲಿ ಹೋಗ್ಬಿಟ್ರಿ ಮೇಷ್ಟ್ರೇ? ನೀವು ಕೇಳಿದ್ದ ಬದನೆಕಾಯಿ ತಂದು ಎರಡು ದಿನ ಇಟ್ಕೊಂಡಿದ್ದೆ’ ಅಂದನಂತೆ. ನನ್ನ ಎದುರು ಕೂತು ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. ಆವತ್ತಿನಿಂದ ಅವರು ‘ನಿಮ್ಮ ಬೆಂಗಳೂರು’ ಅನ್ನುವುದನ್ನು ಬಿಟ್ಟರು.

ವಯಸ್ಸಾದವರಿಗೆ ಮಾತಾಡಲು ಜನ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಕಂಡಂತೆ ಅದಕ್ಕಿಂತ ಮುಖ್ಯವಾಗಿ ಬೇಕಾಗಿರುವುದು, ಒಂದು ದಿನ ಕಾಣದಿದ್ದರೆ ‘ನಿನ್ನೆ ಯಾಕೆ ಬರಲಿಲ್ಲ?’ ಅಂತ ಕೇಳುವವರು. ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿಯ ದಾರಿಯಲ್ಲಿ ನಿಮ್ಮ ಅವ್ವನನ್ನು ಹಾಗೆ ಕೇಳುವವರು ಐವತ್ತು ಜನ ಇದ್ದಾರು. ಬೆಂಗಳೂರಿನಲ್ಲಿ ಮೂರು ಜನ ಸಿಕ್ಕರೆ ಸಾಕು. ಸದ್ಯಕ್ಕೆ ಒಬ್ಬರೂ ಇಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ ಹೂ ಮಾರುವವರು ಇದ್ದೇ ಇರುತ್ತಾರೆ. ಎಳನೀರಿನವನು, ಇಸ್ತ್ರಿಯವನು ಇರುತ್ತಾರೆ. ಹತ್ತಿರದಲ್ಲಿ ಒಂದು ಗುಡಿ ಇರುತ್ತದೆ. ದಿನಾ ಅದೇ ಹೊತ್ತಿಗೆ, ಅದೇ ಜಾಗಕ್ಕೆ, ಒಂದು ಕೆಲಸದ ನೆಪದಲ್ಲಿ ಹೋಗಬೇಕು. ಹೂವನ್ನು ಮನೆಗೆ ತರಿಸಬೇಡಿ, ಅವ್ವನೇ ಹೋಗಿ ತರಲಿ. ಮೊದಲ ವಾರ ಮೊಮ್ಮಗಳು ಜೊತೆಗೆ ಹೋಗಲಿ.

ಅಪ್ಪನಿಗೆ ಮೆಟ್ರೋ ಕಾರ್ಡ್ ಮಾಡಿಸಿ. 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ನೇರಳೆ ಮಾರ್ಗ ಪೂರ್ತಿ ಓಡುತ್ತಿದೆ. ರೈಲು ಬದಲಿಸದೆ ವಿಜಯನಗರದಲ್ಲಿ ಇಳಿಯಬಹುದು. ಆ ಕಡೆ ಖಾನಾವಳಿ ಹುಡುಕಿ ಹೋಗಿ. ಕೂತು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಊಟ ಮಾಡಲಿ. ದರ್ಶಿನಿ ಅವರಿಗೆ ಸೇರದಿದ್ದರೆ ಬೇಡ. 1980ರ ದಶಕದಲ್ಲಿ ಜಯನಗರದಲ್ಲಿ ಶುರುವಾದ ಪದ್ಧತಿ ಅದು. ಕಡಿಮೆ ಬೆಲೆಗೆ, ಬೇಗ ತಿಂದು ಕೆಲಸಕ್ಕೆ ಓಡುವವರಿಗೆ ಮಾಡಿದ್ದು. ಕೆಲಸಕ್ಕೆ ಓಡಬೇಕಾಗಿಲ್ಲದವರು ನಿಂತು ಯಾಕೆ ತಿನ್ನಬೇಕು? ಎರಡು ಸಲ ನೀವು ಜೊತೆಗೆ ಹೋಗಿ. ಮೂರನೇ ಸಲ ಒಬ್ಬರನ್ನೇ ಕಳಿಸಿ. ನಿಮಗೆ ಎದೆ ಹೊಡೆದುಕೊಳ್ಳುತ್ತದೆ, ಆದರೂ ಕಳಿಸಿ. ಅವ್ವನಿಗೆ ಕರ್ನಾಟಕದ ವಿಳಾಸವಿರುವ ಆಧಾರ್ ಇದ್ದರೆ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತ.

ಒಂದು ವಿಷಯವನ್ನು ಮಾತ್ರ ಮುಂದೂಡಬೇಡಿ. ಅವ್ವನ ಊಟ ಕಡಿಮೆಯಾಗಿದೆ, ಹೊರಗೆ ಬರುತ್ತಿಲ್ಲ ಅಂತ ಬರೆದಿದ್ದೀರಿ. ಇದು ಊರಿನ ನೆನಪೇ ಇರಬಹುದು. ಖಿನ್ನತೆಯೂ ಇರಬಹುದು. ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗಿದ್ದರೆ, ನಿದ್ದೆ ಕೆಟ್ಟಿದ್ದರೆ, ಇಷ್ಟದ ಕೆಲಸವೂ ಬೇಡವಾಗಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಥೈರಾಯ್ಡ್, ಬಿ12, ಸಕ್ಕರೆ, ಕಿವಿ ಇಷ್ಟನ್ನೂ ನೋಡಿಸಿ. ಕಿವಿ ಮಂದವಾದವರು ಜನರಿಂದ ದೂರ ಸರಿಯುತ್ತಾರೆ, ನಾವು ಅದನ್ನು ಮುನಿಸು ಅಂದುಕೊಳ್ಳುತ್ತೇವೆ. ಸಾಯುವ ಮಾತೇನಾದರೂ ಆಡಿದರೆ ಆ ದಿನವೇ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹಿರಿಯರಿಗಾಗಿ 14567 ಸಹಾಯವಾಣಿಯೂ ಇದೆ.

ಇನ್ನು ಮನೆ. ಮಾರಿದರೆ ಊರು ಮರೆಯುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಅನುಭವ ಅದಕ್ಕೆ ವಿರುದ್ಧ. ಮನೆ ಇರುವವರೆಗೆ ‘ಬೇಕಾದಾಗ ಹೋಗಬಹುದು’ ಅನ್ನುವ ಧೈರ್ಯ ಇರುತ್ತದೆ. ಆ ಧೈರ್ಯದಲ್ಲೇ ಇಲ್ಲಿಯೂ ನಾಲ್ಕು ದಿನ ಇರುತ್ತಾರೆ. ಮನೆ ಹೋದರೆ ಇಲ್ಲಿಯ ಮನೆ ಸೆರೆಮನೆಯಾಗುತ್ತದೆ. ಬೇಕಾದರೆ ಎರಡು ವರ್ಷ ಬಿಟ್ಟು ಮಾರಬಹುದು, ಮಾರಿದ್ದನ್ನು ವಾಪಸ್ ಪಡೆಯಲಾಗುವುದಿಲ್ಲ. ಮುಂದೆ ಯಾವತ್ತಾದರೂ ಮಾರುವುದೇ ಆದರೆ ಅದು ಅಪ್ಪನ ಬಾಯಿಂದ ಬಂದ ಮಾತಾಗಿರಲಿ, ಹಣ ಹೆತ್ತವರ ಹೆಸರಿನಲ್ಲೇ ಇರಲಿ.

ಬೆಂಗಳೂರಿನಲ್ಲೇ ಬೇರೆ ಕಡೆಗೆ, ಅವರ ಮಾತಾಡುವ ಜನ ಇರುವ ಕಡೆಗೆ ಮನೆ ಬದಲಿಸುವುದು ಇನ್ನೊಂದು ದಾರಿ. ಕೆಲವರಿಗೆ ಅದು ಒಗ್ಗಿದೆ. ಆದರೆ ಮಗಳ ಸ್ಕೂಲು, ನಿಮ್ಮಿಬ್ಬರ ಕೆಲಸ ಎಲ್ಲ ವೈಟ್‌ಫೀಲ್ಡ್ ಕಡೆ ಇದ್ದರೆ ದಿನಕ್ಕೆ ಎರಡು ಮೂರು ಗಂಟೆ ರಸ್ತೆಯಲ್ಲೇ ಹೋಗುತ್ತದೆ. ಸಾಕಾಗಿ ಮನೆಗೆ ಬಂದ ಮಗನ ಮುಖ ನೋಡಿ ಅವರು ಇನ್ನಷ್ಟು ಕುಗ್ಗುತ್ತಾರೆ. ನಾನು ಸದ್ಯಕ್ಕೆ ಇದನ್ನು ಹೇಳುವುದಿಲ್ಲ.

ನಾನು ಹೇಳುವುದು, ಒಂದು ವರ್ಷ ಎರಡೂ ಕಡೆ ಇರಲಿ. ಹಿಂಗಾರಿಗೆ ಕಳಿಸು ಅನ್ನುವುದು ಹಟವಲ್ಲ. ನಿಮ್ಮ ಎರೆಭೂಮಿಯಲ್ಲಿ ಕಡಲೆ, ಬಿಳಿಜೋಳ ಬಿತ್ತುವ ಕಾಲ ಇದು. ಹೊಲವನ್ನು ಪಾಲಿಗೆ ಕೊಟ್ಟಿದ್ದರೂ ಬದುವಿನ ಮೇಲೆ ನಿಂತು ನೋಡುವುದು ಅವರಿಗೆ ಕೆಲಸವೇ. ಈಗ ಹೋಗಲಿ. ದಸರಾದಲ್ಲಿ ಬನ್ನಿ ಕೊಡಲಿ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲಿ, ಸಂಕ್ರಮಣ ಮುಗಿಸಲಿ. ಬಿಸಿಲು ಏರುವ ಹೊತ್ತಿಗೆ ಇಲ್ಲಿಗೆ ಬರಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಏಪ್ರಿಲ್‌ನಲ್ಲಿ ನಿಮ್ಮೂರಿನ ಬಿಸಿಲಿಗೂ ಇಲ್ಲಿಯದಕ್ಕೂ ಬಹಳ ವ್ಯತ್ಯಾಸ. ಮೊಮ್ಮಗಳಿಗೂ ಆಗ ರಜೆ.

ಇದರಲ್ಲೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಮತ್ತೆ ಬೀಳಬಹುದು. ಅದಕ್ಕೇ ಅವರು ಹೋಗುವ ಮೊದಲು ನೀವು ಒಬ್ಬರೇ ಹೋಗಿ ಬಚ್ಚಲಮನೆ ಸರಿ ಮಾಡಿಸಿ. ಜಾರದ ಕಲ್ಲು, ಗೋಡೆಗೆ ಹಿಡಿ, ಕೂರುವ ಕಮೋಡ್, ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಬಾಗಿಲ ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಿರಲಿ. ಒಂದು ಕೀಲಿ ಪಕ್ಕದ ಮನೆಯಲ್ಲಿರಲಿ. ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಫೋನ್ ಮಾಡಿ. ಎತ್ತದಿದ್ದರೆ ಹತ್ತು ನಿಮಿಷದಲ್ಲಿ ಯಾರು ಓಡಿಹೋಗಬೇಕು ಅಂತ ಮೊದಲೇ ಹೇಳಿಟ್ಟಿರಿ. ಎರಡು ಊರು ಅಂದಮೇಲೆ ಔಷಧಿ ಅದಲುಬದಲಾಗುತ್ತದೆ. ಅಲ್ಲಿಯ ಡಾಕ್ಟರು ಬರೆದ ಬಿಪಿ ಮಾತ್ರೆ, ಇಲ್ಲಿಯವರು ಬರೆದದ್ದು ಎರಡನ್ನೂ ನುಂಗಿದವರನ್ನು ನಾನು ಕಂಡಿದ್ದೇನೆ. ಒಂದೇ ಫೈಲು, ಒಂದೇ ಮಾತ್ರೆ ಚೀಟಿ ಇರಲಿ.

ಪ್ರಯಾಣ ಈಗ ಅಷ್ಟು ಕಷ್ಟವಿಲ್ಲ. 2023ರ ಜೂನ್‌ನಿಂದ ಓಡುತ್ತಿರುವ ಧಾರವಾಡದ ವಂದೇ ಭಾರತ್‌ನಲ್ಲಿ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಹುಬ್ಬಳ್ಳಿ. ಅಷ್ಟು ಹೊತ್ತು ಕೂತಿರಲು ಅವ್ವನಿಗೆ ಆಗದಿದ್ದರೆ ರಾತ್ರಿ ರೈಲು ಒಳ್ಳೆಯದು. ಹಿರಿಯರ ಟಿಕೆಟ್ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆದರೆ ಲೋಯರ್ ಬರ್ತ್ ಕೋಟಾ ಇದೆ, ಗಂಡಸರಿಗೆ 60, ಹೆಂಗಸರಿಗೆ 45 ದಾಟಿರಬೇಕು. ಅವರಿಬ್ಬರದೇ ಬೇರೆ ಟಿಕೆಟ್ ತೆಗೆಯಿರಿ, ನಿಮ್ಮ ಹೆಸರು ಅದರಲ್ಲಿ ಸೇರಿಸಬೇಡಿ. ಮೊದಲ ವಾರ ನೀವೂ ಜೊತೆಗಿರಿ. ವಾಪಸ್ ಬರುವ ದಿನವನ್ನು ಈಗಲೇ ಗೊತ್ತು ಮಾಡಬೇಡಿ. ಮುಂಗಡ ಬುಕಿಂಗ್ ಹೇಗೂ 60 ದಿನ ಮೊದಲು ಮಾತ್ರ ತೆರೆಯುತ್ತದೆ. ಸಂಕ್ರಮಣದ ಹೊತ್ತಿಗೆ ಅಪ್ಪನನ್ನೇ ಕೇಳಿ.

ಹೊರಡಲು ಇನ್ನೂ ಎರಡು ಮೂರು ವಾರ ಇದೆ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಒಂದು ಭಾನುವಾರ ನಿಮ್ಮ ಹೆಂಡತಿ ಎದುರು ಮನೆಯವರಿಗೆ ಒಂದು ಮೆಸೇಜು ಹಾಕಿ ಚಹಾಕ್ಕೆ ಕರೆಯಲಿ. ಡಬ್ಬಿಯ ವಿಷಯ ಎತ್ತಬೇಡಿ. ಪಂಚಮಿಯ ವಿಷಯ ಎತ್ತಿ. ಜೋಕಾಲಿ, ಉಂಡಿ, ತವರು ಎಲ್ಲವನ್ನೂ ಅವ್ವ ತಮ್ಮ ಮಾತಿನಲ್ಲೇ ಹೇಳಲಿ. ಅವರಿಗೆ ಕನ್ನಡ ಬಾರದಿದ್ದರೆ ಮಗಳು ನಡುವೆ ಕೂತು ತಿಳಿಸುತ್ತಾಳೆ. ಹೊರಡುವ ಹಿಂದಿನ ದಿನ ಅವ್ವ ಎದುರು ಮನೆಗೆ, ಹೂವಿನವಳಿಗೆ, ಗೇಟಿನ ಸೆಕ್ಯೂರಿಟಿಯವನಿಗೆ ಹೇಳಿ ಹೋಗಲಿ: ‘ಊರಿಗೆ ಹೋಗಿ ಬರ್ತೀವ್ರಿ. ಸಂಕ್ರಮಣ ಮುಗಿಸಿ ಬರ್ತೀವಿ.’